ಗುಳೆ, ಅಪರಾಧ, ಪೊಲೀಸ್ ಠಾಣೆ: ನಿಮ್ಮ ಡೆಸರ್ಟೇಶನ್‌ಗೆ ಯಾವ ಡೇಟಾ ಸರಿ?

ಸಿನಾಪ್ಸಿಸ್ ಕೊಡುವ ಹೊತ್ತು ಬಂತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಎಂ.ಎ., ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ವಿಷಯ ಅವರ ಕೈಯಲ್ಲೇ ಇರುತ್ತದೆ. ಇಂಡಿ ತಾಲೂಕಿನ ಗುಳೆ (ದುಡಿಯಲು ಕೆಲವು ತಿಂಗಳು ಊರು ಬಿಟ್ಟು ಹೋಗುವುದು), ತಾಂಡಾದ (ಲಂಬಾಣಿಗರ ಊರು) ಮಕ್ಕಳ ಓದು, ಮನೆಯೊಳಗಿನ ಹೊಡೆತ-ಬಡಿತ, ಠಾಣೆ ಮೆಟ್ಟಿಲು ಹತ್ತಲು ಜನ ಯಾಕೆ ಹಿಂಜರಿಯುತ್ತಾರೆ ಅನ್ನೋದು. ಎಲ್ಲವೂ ಒಳ್ಳೆಯ ವಿಷಯಗಳೇ. ಆದರೆ ಮಾಹಿತಿ ಎಲ್ಲಿಂದ ತರುವುದು? ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಕೋಷ್ಟಕ ಸಾಕೇ, ಜನಗಣತಿ ನೋಡಬೇಕೇ, ಎಫ್‌ಐಆರ್ ಓದಬೇಕೇ, ಆರ್‌ಟಿಐ ಹಾಕಬೇಕೇ, ಮನೆಮನೆ ಸರ್ವೆ ಮಾಡಬೇಕೇ, ಇಲ್ಲವೇ ಜನರ ಜೊತೆ ಕೂತು ಮಾತು ಕೇಳಬೇಕೇ?

ಇದು ಬರೀ ಮಾರ್ಕ್ಸಿನ ಪ್ರಶ್ನೆ ಅಲ್ಲ. 'ಹೊರಗಿನವರು ಬಂದ ಮೇಲೆ ಕಳ್ಳತನ ಜಾಸ್ತಿ ಆಯ್ತು' ಅನ್ನುವ ಮಾತು ಎಲ್ಲ ಊರಲ್ಲೂ ಇದೆ. ತಪ್ಪು ಡೇಟಾ ಹಿಡಿದರೆ ಆ ಮಾತಿಗೆ ನಿಮ್ಮ ಪ್ರಬಂಧವೇ ಸಾಕ್ಷಿಯಾಗಿಬಿಡುತ್ತದೆ. ಗೋವಾ, ಪುಣೆ, ಮುಂಬೈ, ಮಂಗಳೂರಿನಲ್ಲಿ ಆ 'ಹೊರಗಿನವರು' ನಮ್ಮ ಜಿಲ್ಲೆಗಳ ಜನರೇ, ಅಲ್ವಾ?

ಮೊದಲು ಅಳತೆ ಗೊತ್ತು ಮಾಡಿಕೊಳ್ಳಿ

ಯಾವ ಮೂಲವನ್ನೇ ನೋಡಿ, ಮೊದಲು ಕೇಳಬೇಕಾದದ್ದು ಇದು: ಈ ಅಂಕಿ ನಿಜವಾಗಿ ಏನನ್ನು ಎಣಿಸುತ್ತದೆ? ನಡೆದ ಅಪರಾಧವನ್ನೋ, ಠಾಣೆಯಲ್ಲಿ ದಾಖಲಾದ ಪ್ರಕರಣವನ್ನೋ? ಇವೆರಡೂ ಒಂದೇ ಅಲ್ಲ.

ಆಮೇಲೆ, ಆ ಮಾಹಿತಿ ಎಷ್ಟು ಕೆಳಗಿನವರೆಗೆ ಸಿಗುತ್ತದೆ ನೋಡಿ. ಇಡೀ ರಾಜ್ಯಕ್ಕೆ ಒಂದೇ ಅಂಕಿ ಇದ್ದರೆ ಸಿಂದಗಿ ತಾಲೂಕಿನ ಬಗ್ಗೆ ಮಾತಾಡಲು ಅದು ಸಾಲದು. ಮೂರನೆಯ ಅಳತೆ ನಮ್ಮ ಕಡೆಗೆ ಎಲ್ಲಕ್ಕಿಂತ ಮುಖ್ಯ. ವರ್ಷದಲ್ಲಿ ಐದಾರು ತಿಂಗಳು ಊರಲ್ಲೇ ಇರದ ಕುಟುಂಬ ಆ ಲೆಕ್ಕದಲ್ಲಿ ಕಾಣುತ್ತದೆಯೇ? ಕಾಣದಿದ್ದರೆ ಗುಳೆಯ ಬಗ್ಗೆ ಅದರಿಂದ ಬರೆಯುವುದು ಹೇಗೆ?

ಸಮಯ ಮತ್ತು ದುಡ್ಡಿನ ಲೆಕ್ಕ ಎಲ್ಲರಿಗೂ ಗೊತ್ತು. ಇನ್ನೊಂದನ್ನು ಮಾತ್ರ ತುಂಬಾ ಜನ ಮರೆಯುತ್ತಾರೆ: ನೀವು ಮಾಹಿತಿ ತಂದದ್ದರಿಂದ ಯಾರಿಗಾದರೂ ತೊಂದರೆ ಆಗಬಹುದೇ?

ಎನ್‌ಸಿಆರ್‌ಬಿ ಅಂಕಿಗಳು: ಸುಲಭ, ಆದರೆ ಜಾರುವ ದಾರಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಶುರುವಾದದ್ದು 1986ರಲ್ಲಿ. ಅದು ಈಗ ತರುವ 'ಕ್ರೈಮ್ ಇನ್ ಇಂಡಿಯಾ' ವರದಿ 1953ರಿಂದಲೂ ಇದೆ. ಖರ್ಚಿಲ್ಲ, ಅನುಮತಿ ಬೇಡ, ಜಿಲ್ಲಾವಾರು ಕೋಷ್ಟಕವೂ ಸಿಗುತ್ತದೆ. ಕೈಯಲ್ಲಿ ಎರಡೇ ತಿಂಗಳು ಇರುವವರು ಇದರ ಕಡೆ ಹೋಗುವುದು ಸಹಜ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಕೆಲವು ಸಂಗತಿ ತಿಳಿದೇ ಹೋಗಬೇಕು.

ಇದು ಎಣಿಸುವುದು ದಾಖಲಾದ ಪ್ರಕರಣಗಳನ್ನು ಮಾತ್ರ. ಹೆಚ್ಚು ದಾಖಲಾದರೆ ಹೆಚ್ಚು ನಡೆದಿದೆ ಅಂತಲೇ ಅರ್ಥವಲ್ಲ. ಹೊಸ ಮಹಿಳಾ ಠಾಣೆ ತೆರೆದರೂ ಸಂಖ್ಯೆ ಏರಬಹುದು, ಹೆಂಗಸರಿಗೆ ಧೈರ್ಯ ಬಂದರೂ ಏರಬಹುದು. ಇದಕ್ಕೆ ಗಟ್ಟಿ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಆಗಿದೆ ಎಂದು ಹೇಳಿದ್ದಾರೆ. ಹಿಂದಿನ ಸುತ್ತಿನಲ್ಲಿ ಇದು ಶೇ 20.6 ಇತ್ತು. ಠಾಣೆಯ ದಾಖಲೆಯಲ್ಲಿ ಇದರ ಸಣ್ಣ ಚೂರು ಮಾತ್ರ ಕಾಣುತ್ತದೆ. ಹಾಗಾಗಿ ಕೌಟುಂಬಿಕ ಹಿಂಸೆಯ ಬಗ್ಗೆ ಬರೆಯುವವರು ಎನ್‌ಸಿಆರ್‌ಬಿ ಒಂದನ್ನೇ ನೆಚ್ಚಿಕೊಂಡರೆ ಹಿಂಸೆಯನ್ನು ಬಿಟ್ಟು ದೂರನ್ನು ಮಾತ್ರ ಅಳೆದಂತೆ. ಕುಟುಂಬ ಸಮೀಕ್ಷೆಗೂ ಮಿತಿ ಇದೆ. ಹಿಂಸೆಯ ಅಂಕಿ ಅದರಲ್ಲಿ ರಾಜ್ಯದ ಮಟ್ಟಕ್ಕೆ ಮಾತ್ರ ಸಿಗುತ್ತದೆ, ಜಿಲ್ಲೆಗೆ ಸಿಗುವುದಿಲ್ಲ.

ಇನ್ನೊಂದು ನಿಯಮವಿದೆ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ದೊಡ್ಡದು ಯಾವುದೋ ಅದೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮನೆಗೆ ನುಗ್ಗಿ ಕೊಲೆ ಮಾಡಿ ಬಂಗಾರ ಒಯ್ದರೆ ಅದು ಕೊಲೆ ಅಂತಷ್ಟೇ ಎಣಿಕೆಯಾಗುತ್ತದೆ.

ಕಾನೂನು ಬದಲಾದದ್ದೂ ತಲೆಯಲ್ಲಿರಲಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ ಇದ್ದ 302 ಈಗ 103. ಕಳ್ಳತನದ 379 ಈಗ 303. ಗಂಡನ ಮನೆಯ ಕ್ರೌರ್ಯದ 498ಎ ಈಗ 85. ಸೆಕ್ಷನ್ ನಂಬರು ಮಾತ್ರ ಬದಲಾಗಿದ್ದರೆ ಹೊಂದಿಸಿಕೊಳ್ಳಬಹುದಿತ್ತು. ಆದರೆ ಸರ ಕಿತ್ತುಕೊಂಡು ಹೋಗುವಂಥದ್ದಕ್ಕೆ 304 ಎಂಬ ಹೊಸ ಸೆಕ್ಷನ್ನೇ ಬಂದಿದೆ. ಮೊದಲು ಅದು ಕಳ್ಳತನದಲ್ಲೋ ಸುಲಿಗೆಯಲ್ಲೋ ಸೇರುತ್ತಿತ್ತು. 2024ರ ಆಚೀಚೆಯ ವರ್ಷಗಳನ್ನು ಒಂದೇ ಗ್ರಾಫಿನಲ್ಲಿ ಹಾಕಿ 'ಕಳ್ಳತನ ಇಳಿದಿದೆ' ಅಂತ ಬರೆದರೆ ವೈವಾದಲ್ಲಿ ಉತ್ತರ ಕೊಡುವುದು ಕಷ್ಟ. ಹತ್ತು ವರ್ಷದ ಏರಿಳಿತ ನೋಡಬೇಕೆಂದರೆ 2023ಕ್ಕೆ ನಿಲ್ಲಿಸುವುದು ಒಳ್ಳೆಯದು.

ಬೆಳಗಾವಿಯವರಿಗೆ ಒಂದು ಮಾತು. ಬೆಳಗಾವಿ ನಗರಕ್ಕೆ ಪೊಲೀಸ್ ಕಮಿಷನರೇಟ್ ಬೇರೆ ಇದೆ, ಜಿಲ್ಲೆಗೆ ಎಸ್‌ಪಿ ಬೇರೆ. ಕೋಷ್ಟಕದಲ್ಲೂ ಎರಡು ಸಾಲು. 2011ರ ಗಣತಿಯ 47.8 ಲಕ್ಷ ಜನಸಂಖ್ಯೆ ಇಡೀ ಜಿಲ್ಲೆಯದ್ದು. ಒಂದು ಸಾಲಿನ ಪ್ರಕರಣವನ್ನು ಆ ಜನಸಂಖ್ಯೆಯಿಂದ ಭಾಗಿಸಿದರೆ ದರ ತಪ್ಪಾಗಿ ಬರುತ್ತದೆ. ಸಣ್ಣ ಸಂಖ್ಯೆಗಳ ಬಗ್ಗೆಯೂ ಹುಷಾರು. ಒಂದು ತಾಲೂಕಿನಲ್ಲಿ ನಾಲ್ಕು ಇದ್ದದ್ದು ಆರು ಆದರೆ 'ಶೇ 50 ಏರಿಕೆ' ಅಂತ ಬರೆಯಬಾರದು. ಮೂರು ವರ್ಷದ ಸರಾಸರಿ ತೆಗೆಯಿರಿ.

ಈಗ ಮುಖ್ಯ ಮಾತು. ವಲಸೆಗೂ ಅಪರಾಧಕ್ಕೂ ಸಂಬಂಧ ಹುಡುಕುವವರು ಮೊದಲು ಓಡುವುದು ಈ ವರದಿಗೇ. ಆದರೆ ಆರೋಪಿ ವಲಸೆ ಬಂದವನೋ ಸ್ಥಳೀಯನೋ ಎಂಬ ಕಾಲಮ್ ಅದರಲ್ಲಿ ಇಲ್ಲ. ಅದಕ್ಕೆ ಹತ್ತಿರದ ಮಾಹಿತಿ ಇರುವುದು ಅದೇ ಬ್ಯೂರೋದ ಜೈಲು ಅಂಕಿಅಂಶದಲ್ಲಿ. ಕೈದಿ ಅದೇ ರಾಜ್ಯದವನೋ, ಬೇರೆ ರಾಜ್ಯದವನೋ, ಬೇರೆ ದೇಶದವನೋ ಎಂಬ ಲೆಕ್ಕ ಅಲ್ಲಿದೆ. ಅದನ್ನು ನೋಡಿ 'ಹೊರರಾಜ್ಯದವರು ಇಷ್ಟು ಪಾಲು, ಆದ್ದರಿಂದ ಅಪರಾಧ ಅವರಿಂದಲೇ' ಅನ್ನುವ ತೀರ್ಮಾನಕ್ಕೆ ಹೋಗಬೇಡಿ. 2022ರಲ್ಲಿ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ತಪ್ಪು ಇನ್ನೂ ಸಾಬೀತಾಗದವರು ಅವರು. ಪರಊರಿನಲ್ಲಿ ಸಿಕ್ಕಿಬಿದ್ದ ಕೂಲಿಯವನಿಗೆ ಜಾಮೀನು ನಿಲ್ಲಲು ಪರಿಚಯದವರು ಯಾರಿರುತ್ತಾರೆ? ಸ್ಥಳೀಯನಾಗಿದ್ದರೆ ವಾರದೊಳಗೆ ಹೊರಗೆ ಬರುತ್ತಿದ್ದವನು ಅಲ್ಲಿ ತಿಂಗಳುಗಟ್ಟಲೆ ಒಳಗೇ ಇರುತ್ತಾನೆ. ಆಗ ಜೈಲಿನ ಲೆಕ್ಕದಲ್ಲಿ ಹೊರಗಿನವರ ಪಾಲು ಅಪರಾಧ ಹೆಚ್ಚದೆಯೇ ಹೆಚ್ಚುತ್ತದೆ.

ಜನಗಣತಿ ಮತ್ತು ದೊಡ್ಡ ಸಮೀಕ್ಷೆಗಳು

ವಲಸೆ ಅಂದ ಕೂಡಲೇ ಎಲ್ಲರೂ ತೋರಿಸುವುದು 2011ರ ಜನಗಣತಿ. ದೇಶದಲ್ಲಿ 45 ಕೋಟಿಗೂ ಹೆಚ್ಚು ವಲಸಿಗರು ಅಂತ ಅದು ಹೇಳುತ್ತದೆ. ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದ್ದು. ಕಾರಣವಾರು ಕೋಷ್ಟಕ ನೋಡದೆ ಒಟ್ಟು ಸಂಖ್ಯೆ ಎತ್ತಿ ಬರೆಯಬೇಡಿ.

ಗುಳೆ ವಿಷಯದಲ್ಲಿ ಗಣತಿಯ ಕೊರತೆ ಅದರ ತಾರೀಖಿನಲ್ಲೇ ಇದೆ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಗುಳೆ ಹೋದವರು ಕಬ್ಬು ಕಡಿಯುವ ಹಂಗಾಮಿನ ನಟ್ಟನಡುವೆ ಅದು. ಆ ಇಪ್ಪತ್ತೂ ದಿನ ಊರಲ್ಲಿ ಇಲ್ಲದವರನ್ನು ಊರಲ್ಲಿ ಬರೆದುಕೊಳ್ಳುವುದಿಲ್ಲ, ಇದ್ದಲ್ಲೇ ಬರೆದುಕೊಳ್ಳಬೇಕು. ಹೊಲದ ಬದುವಿನ ಜೋಪಡಿಗೆ ಎಣಿಸುವವರು ಹೋದರೆ ಲೆಕ್ಕ, ಇಲ್ಲವಾದರೆ ಇಲ್ಲ. ತಾಂಡಾದ ಮನೆಗೆ ಬೀಗ, ಕಾರ್ಖಾನೆ ಹತ್ತಿರದ ಜೋಪಡಿಗೆ ನಂಬರಿಲ್ಲ.

2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಇದಕ್ಕಿಂತ ವಾಸಿ. ಕೆಲಸಕ್ಕಾಗಿ ಒಂದು ತಿಂಗಳಿಗೆ ಕಮ್ಮಿ ಇಲ್ಲದಂತೆ, ಆರು ತಿಂಗಳೊಳಗೆ ಹೊರಗಿದ್ದವರನ್ನು ಅದು ಬೇರೆಯಾಗಿಯೇ ಎಣಿಸಿತ್ತು. ಆದರೆ ದಸರಾ ಮುಗಿಸಿ ಹೊರಟು ಯುಗಾದಿ ದಾಟಿ ಬರುವ ಕಬ್ಬು ಕಡಿಯುವ ಗ್ಯಾಂಗಿನವರು ಆರು ತಿಂಗಳ ಗೆರೆಯ ಮೇಲೇ ನಿಂತಿರುತ್ತಾರೆ. ಒಂದು ವಾರ ಹೆಚ್ಚಾದರೆ ಆ ಗುಂಪಿನಿಂದ ಜಾರಿಬಿಡುತ್ತಾರೆ. ಅಂಕಿಗಳೂ ಹಳೆಯವು. 2020-21ರ ಕಾರ್ಮಿಕ ಸಮೀಕ್ಷೆ ದೇಶದ ವಲಸೆ ಪ್ರಮಾಣ ಶೇ 28.9 ಎಂದಿತು. ಅದು ಕೋವಿಡ್ ವರ್ಷದ್ದು, ದುಡಿಯಲು ಹೋದವರು ಊರಿಗೆ ಮರಳಿದ್ದ ಕಾಲ. ಈ ಮೂರನ್ನೂ ನಿಮ್ಮ ಮೊದಲ ಅಧ್ಯಾಯಕ್ಕೆ, ಹಿನ್ನೆಲೆ ಹೇಳಲು ಬಳಸಿ. ಒಂದು ಹಳ್ಳಿಯ ಗುಳೆಯನ್ನು ಇವುಗಳಿಂದ ಅಳೆಯಲು ಹೋಗಬೇಡಿ.

ಎಫ್‌ಐಆರ್ ಪ್ರತಿಗಳು: ಯಾರೂ ಅಷ್ಟಾಗಿ ಬಳಸದ ಕಣಜ

2016ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕೆಂದು ಹೇಳಿತು. ಲೈಂಗಿಕ ಅಪರಾಧ, ಪೋಕ್ಸೊದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಹೀಗಾಗಿ ಠಾಣೆ ಆರಿಸಿಕೊಂಡು, ಅವಧಿ ಗೊತ್ತುಮಾಡಿಕೊಂಡು ಓದುತ್ತಾ ಹೋಗಬಹುದು. ತಾಳ್ಮೆ ಬೇಕು, ದುಡ್ಡು ಬೇಡ.

ಎಫ್‌ಐಆರ್ ನಮೂನೆಯಲ್ಲಿ ಘಟನೆ ನಡೆದ ದಿನ ಮತ್ತು ವೇಳೆ, ಠಾಣೆಗೆ ಸುದ್ದಿ ಬಂದ ದಿನ ಮತ್ತು ವೇಳೆ, ಠಾಣೆಯಿಂದ ಆ ಜಾಗ ಯಾವ ದಿಕ್ಕಿಗೆ ಎಷ್ಟು ದೂರ, ತಡವಾಗಿದ್ದರೆ ಕಾರಣವೇನು ಎಂಬ ಅಂಕಣಗಳಿವೆ. ಇಷ್ಟರಿಂದಲೇ ಒಂದು ಒಳ್ಳೆಯ ಎಂ.ಎ. ಪ್ರಬಂಧ ಆಗುತ್ತದೆ: ಠಾಣೆಯಿಂದ ದೂರವಿರುವ ಹಳ್ಳಿ, ತಾಂಡಾಗಳಿಂದ ದೂರು ತಡವಾಗಿ ಬರುತ್ತದೆಯೇ? ಇದು ಸಣ್ಣ ಪ್ರಶ್ನೆ. ಆದರೆ ಉತ್ತರ ಸಿಗುವ ಪ್ರಶ್ನೆ, ಪೊಲೀಸರಿಗೂ ಉಪಯೋಗ ಬೀಳುವ ಪ್ರಶ್ನೆ. ಉಪಠಾಣೆ ಎಲ್ಲಿ ಬೇಕು ಅನ್ನುವ ಚರ್ಚೆ ಅದರಿಂದ ಶುರುವಾಗಬಹುದು. ಅದೇ ಎಫ್‌ಐಆರ್ ನಂಬರು ಹಿಡಿದು ಇ-ಕೋರ್ಟ್ಸ್ ತಾಣದಲ್ಲಿ ಪ್ರಕರಣ ಎಲ್ಲಿಗೆ ಬಂತು ಅಂತಲೂ ನೋಡಬಹುದು.

ನೆನಪಿಡಿ, ಎಫ್‌ಐಆರ್ ಅಂದರೆ ಒಬ್ಬರು ಹೇಳಿದ ಮೊದಲ ಮಾತು, ತೀರ್ಪಲ್ಲ. ವೆಬ್‌ಸೈಟಿನಲ್ಲಿ ಹೆಸರು ಇದೆ ಅಂತ ನೀವೂ ಬರೆಯಬೇಡಿ. ಎಕ್ಸೆಲ್ ಶೀಟಿಗೆ ಹಾಕುವಾಗಲೇ ಹೆಸರು, ವಿಳಾಸ ಬಿಟ್ಟು ಒಂದು ಕ್ರಮಸಂಖ್ಯೆ ಕೊಡಿ. ಲೈಂಗಿಕ ದೌರ್ಜನ್ಯದ ವಿಷಯಕ್ಕೆ ಈ ದಾರಿ ಹೊಂದುವುದೇ ಇಲ್ಲ. ಆ ಎಫ್‌ಐಆರ್‌ಗಳು ಹೊರಗೆ ಸಿಗುವುದಿಲ್ಲ, ಸಿಗಲೂಬಾರದು.

ಆರ್‌ಟಿಐ

ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 'ಯಾಕೆ' ಅಂತ ಕೇಳಿದರೆ ಉತ್ತರ ಬರುವುದಿಲ್ಲ. 'ಎಷ್ಟು', 'ಯಾವಾಗ', 'ಯಾವ ಆದೇಶದ ಪ್ರತಿ' ಅಂತ ಕೇಳಿ. ಠಾಣೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಮಹಿಳಾ ಸಿಬ್ಬಂದಿ ಎಷ್ಟು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ತನಿಖೆ ನಡೆಯುತ್ತಿರುವ ಪ್ರಕರಣದ ವಿವರ ಕೇಳಿದರೆ ಕಲಂ 8(1)(ಎಚ್) ತೋರಿಸಿ ಇಲ್ಲ ಅನ್ನಬಹುದು. ಮೇಲ್ಮನವಿಗೆ ಹೋದರೆ ಸೆಮಿಸ್ಟರ್ ಮುಗಿದೇ ಹೋಗುತ್ತದೆ. ಪ್ರಬಂಧವನ್ನು ಪೂರ್ತಿ ಇದರ ಮೇಲೆ ನಿಲ್ಲಿಸುವುದು ಬೇಡ. ಆದರೆ ವಿಷಯ ಗಟ್ಟಿಯಾದ ವಾರವೇ ಒಂದು ಅರ್ಜಿ ಹಾಕಿಬಿಡಿ. ಬಂದರೆ ಒಂದು ಒಳ್ಳೆಯ ಕೋಷ್ಟಕ ಸಿಗುತ್ತದೆ.

ಸ್ವಂತ ಸರ್ವೆ: ಕಾಲ ನೋಡಿ ಹೊರಡಿ

ಮನೆಮನೆ ಸರ್ವೆ ಮಾಡಿದರೆ ನಿಮ್ಮ ಪ್ರಶ್ನೆಗೆ ನಿಮ್ಮದೇ ಉತ್ತರ ಸಿಗುತ್ತದೆ. ಗುಳೆಯ ಮಟ್ಟಿಗೆ ದೊಡ್ಡ ಅಂಕಿಗಳು ಬಿಟ್ಟದ್ದನ್ನು ಹಿಡಿಯುವುದು ಇದೇ. ಖರ್ಚು ಓಡಾಟದ್ದು, ಪ್ರಶ್ನಾವಳಿ ಝೆರಾಕ್ಸಿನದ್ದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದೊಳಗಿನ ಸಾಮಾನ್ಯ ಬಸ್ಸಿನಲ್ಲಿ ವಿದ್ಯಾರ್ಥಿನಿಯರಿಗೆ ಟಿಕೆಟ್ ದುಡ್ಡಿಲ್ಲ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿಗೆ ತೊರವಿಯಿಂದ ಮುದ್ದೇಬಿಹಾಳಕ್ಕೆ ಹೋಗಿಬರುವುದು ಈಗ ಭಾರವಲ್ಲ. ಮೊದಲು ಕ್ಷೇತ್ರಕಾರ್ಯ ಬೇಡ ಅನ್ನುತ್ತಿದ್ದವರಿಗೂ ಇದರಿಂದ ದಾರಿ ತೆರೆದಿದೆ ಅನ್ನೋದು ನನಗೆ ನಿಜವಾದ ಖುಷಿ.

ಎಷ್ಟು ಮನೆ? ಶೇ 95ರ ಭರವಸೆಯಲ್ಲಿ, ಶೇಕಡಾ ಐದು ಅಂಶದ ಆಚೀಚೆಯಲ್ಲಿ ಉತ್ತರ ಬೇಕೆಂದರೆ ಪುಸ್ತಕಗಳು ಹೇಳುವ ಸಂಖ್ಯೆ 384. ಅದೂ ಇಡೀ ತಾಲೂಕಿನಿಂದ ಚೀಟಿ ಎತ್ತಿದಂತೆ ಆರಿಸಿದರೆ ಮಾತ್ರ. ನಾಲ್ಕೇ ಹಳ್ಳಿಗೆ ಹೋದರೆ ಅದಕ್ಕಿಂತ ಜಾಸ್ತಿ ಬೇಕು, ಯಾಕೆಂದರೆ ಒಂದೇ ಹಳ್ಳಿಯ ಮನೆಗಳು ಒಂದನ್ನೊಂದು ಹೋಲುತ್ತವೆ. ಒಬ್ಬರಿಗೆ ಒಂದು ಸೆಮಿಸ್ಟರಿನಲ್ಲಿ ಇದು ಹೆಚ್ಚು. ಅದರ ಬದಲು ಒಂದೇ ತಾಂಡಾ ಅಥವಾ ಒಂದೇ ಓಣಿಯ ಎಲ್ಲ ಮನೆಯನ್ನೂ ಬರೆದುಕೊಳ್ಳಿ. ತಾಲೂಕಿನ ಬಗ್ಗೆ ಹೇಳಲು ಬರುವುದಿಲ್ಲ, ಆದರೆ ಆ ತಾಂಡಾದ ಬಗ್ಗೆ ಹೇಳಿದ್ದನ್ನು ಯಾರೂ ಅಲ್ಲಗಳೆಯಲಾರರು.

ತುಂಬಾ ಸರ್ವೆ ಹಾಳಾಗುವುದು ಕಾಲದಿಂದ. ಡಿಸೆಂಬರ್, ಜನವರಿಯಲ್ಲಿ ಹೋದರೆ ಯಾರ ಬಗ್ಗೆ ಕೇಳಬೇಕೋ ಅವರೇ ಇರುವುದಿಲ್ಲ. ಮನೆಯಲ್ಲಿ ಇದ್ದವರನ್ನಷ್ಟೇ ಕೇಳಿ ಬಂದರೆ ಗುಳೆ ಕಮ್ಮಿ ಅಂತ ಫಲಿತಾಂಶ ಬರುತ್ತದೆ. ಬೀಗ ಹಾಕಿದ ಮನೆಯನ್ನೂ ಪಟ್ಟಿಯಲ್ಲಿ ಬರೆಯಿರಿ. ಪಕ್ಕದ ಮನೆಯವರನ್ನು ಕೇಳಿ ಎಲ್ಲಿಗೆ ಹೋಗಿದ್ದಾರೆ ಅಂತ ಗುರುತು ಮಾಡಿಕೊಳ್ಳಿ. ಯುಗಾದಿ ಮುಗಿದು ಮುಂಗಾರು ಹಿಡಿಯುವುದರೊಳಗೆ ಮತ್ತೆ ಹೋಗಿ. ಆಗ ಎಲ್ಲರೂ ಸಿಗುತ್ತಾರೆ.

ಕೇಳುವ ರೀತಿಯೂ ಮುಖ್ಯ. 'ಕಳೆದ 365 ದಿನಗಳಲ್ಲಿ ಎಷ್ಟು ದಿನ ವಲಸೆ ಹೋಗಿದ್ದಿರಿ' ಅಂದರೆ ಉತ್ತರ ಬರುವುದಿಲ್ಲ. 'ಹ್ವಾದ ದೀಪಾವಳಿಗೆ ಎಲ್ಲಿದ್ರಿ? ಸಂಕ್ರಮಣಕ್ಕ ಊರಿಗೆ ಬಂದಿದ್ರೇನು? ಶಿವರಾತ್ರಿಗೆ?' ಅಂತ ಹಬ್ಬದ ಮೇಲೆ ಹಬ್ಬ ಹಿಡಿದು ಕೇಳಿ. ಇಡೀ ವರ್ಷದ ಲೆಕ್ಕ ತಾನಾಗಿ ಸಿಗುತ್ತದೆ.

ಮನೆಯೊಳಗಿನ ಹಿಂಸೆಯ ಪ್ರಶ್ನೆಯನ್ನು ಮಾತ್ರ ತರಬೇತಿ ಇಲ್ಲದೆ ಸರ್ವೆಗೆ ಸೇರಿಸಬೇಡಿ. ಕುಟುಂಬ ಆರೋಗ್ಯ ಸಮೀಕ್ಷೆಯವರು ಒಂದು ಮನೆಯಲ್ಲಿ ಒಬ್ಬರನ್ನೇ, ಒಂಟಿಯಾಗಿದ್ದಾಗ ಮಾತ್ರ ಕೇಳುತ್ತಾರೆ. ಅತ್ತೆ ಬಾಗಿಲಲ್ಲಿ ನಿಂತಿದ್ದಾಗ ನೀವು ಕೇಳಿದ ಪ್ರಶ್ನೆಗೆ ಆ ಹೆಣ್ಣುಮಗಳು ರಾತ್ರಿ ಬೆಲೆ ತೆರಬೇಕಾಗುತ್ತದೆ.

ಕೂತು ಮಾತಾಡುವುದು

ಇಪ್ಪತ್ತು ಇಪ್ಪತ್ತೈದು ಜನರ ಜೊತೆ ಉದ್ದ ಮಾತುಕತೆ. ಎಷ್ಟು ಅನ್ನುವುದಕ್ಕೆ ಇದು ಉತ್ತರ ಕೊಡದು. ಹೇಗೆ, ಯಾಕೆ ಅನ್ನುವುದಕ್ಕೆ ಮಾತ್ರ ಇದರಷ್ಟು ಕೊಡುವುದು ಬೇರೆ ಇಲ್ಲ. ಮುಕಾದಮನ (ಗ್ಯಾಂಗನ್ನು ಕರೆದೊಯ್ಯುವ ಮೇಸ್ತ್ರಿ) ಹತ್ತಿರ ತೆಗೆದುಕೊಂಡ ಮುಂಗಡ ಹೇಗೆ ಹಂಗಾಮಿನಿಂದ ಹಂಗಾಮಿಗೆ ಉರುಳುತ್ತದೆ, ಗಂಡ-ಹೆಂಡತಿಯನ್ನು ಒಂದು ಜೋಡಿ ಅಂತ ಲೆಕ್ಕ ಹಿಡಿದಾಗ ಹೆಂಡತಿಯ ಕೂಲಿ ಯಾರ ಕೈಗೆ ಹೋಗುತ್ತದೆ, ಜೋಪಡಿಯಲ್ಲಿ ಕಳವಾದರೆ ಯಾವ ಠಾಣೆಗೆ ಹೋಗಬೇಕು ಎಂಬುದು ಯಾಕೆ ಅವರಿಗೆ ಪ್ರಶ್ನೆಯಾಗಿಯೇ ಉಳಿಯುತ್ತದೆ. ಇವು ಯಾವ ಕೋಷ್ಟಕದಲ್ಲೂ ಇಲ್ಲ. ಜಾತಿ ಪ್ರಮಾಣಪತ್ರದ ಕಥೆಯೂ ಹಾಗೇ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಪಟ್ಟಿಯೇ ಬೇರೆ. ಅಲ್ಲೇ ಬೆಳೆದ ಮಗುವಿನ ಓದಿಗೆ ಇದರಿಂದ ಏನಾಗುತ್ತದೆ ಅಂತ ಆ ಮನೆಯವರೇ ಹೇಳಬೇಕು.

ಎಲ್ಲಿ ಮಾತಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕಬ್ಬಿನ ಗದ್ದೆಯಲ್ಲಿ ಮುಕಾದಮ ಪಕ್ಕದಲ್ಲೇ ಇದ್ದರೆ 'ಎಲ್ಲಾ ಚಲೋ ಐತ್ರಿ' ಅನ್ನುವ ಉತ್ತರವೇ ಬರುತ್ತದೆ. ಬೇಸಿಗೆಯಲ್ಲಿ ಅವರ ಊರಲ್ಲಿ, ಅವರ ಕಟ್ಟೆಯ ಮೇಲೆ ಕೇಳಿ. ಪೊಲೀಸರ ವಿಷಯದಲ್ಲೂ ಅಷ್ಟೇ. ಕಾನ್‌ಸ್ಟೆಬಲ್‌ಗಳ ದುಡಿಮೆಯ ವೇಳೆ, ರಜೆ, ಒತ್ತಡದ ಬಗ್ಗೆ ಅಧ್ಯಯನ ಮಾಡುವವರು ಎಸ್‌ಪಿ ಕಚೇರಿಯಿಂದ ಬರಹದಲ್ಲಿ ಅನುಮತಿ ತನ್ನಿ, ಆಮೇಲೆ ಠಾಣೆಯ ಹೊರಗೆ ಮಾತಾಡಿ. ಮೇಲಿನವರು ಆರಿಸಿ ಕೊಟ್ಟ ಹೆಸರುಗಳನ್ನಷ್ಟೇ ಹಿಡಿಯಬೇಡಿ. ಬರೆಯುವಾಗ ಠಾಣೆಯ ಹೆಸರನ್ನೂ ಮುಚ್ಚಿ. ಸಣ್ಣ ಠಾಣೆಯಲ್ಲಿ 'ಒಬ್ಬ ಮಹಿಳಾ ಹವಾಲ್ದಾರ್' ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಯಾರಿಗೆ ಯಾವುದು

ಒಂದೇ ಸೆಮಿಸ್ಟರ್, ಕೈಯಲ್ಲಿ ದುಡ್ಡಿಲ್ಲ, ವಿಷಯ ಪೊಲೀಸ್ ಅಥವಾ ಅಪರಾಧ: ಎರಡು ಠಾಣೆಗಳ ಒಂದು ವರ್ಷದ ಎಫ್‌ಐಆರ್ ಓದಿ, ಹಿನ್ನೆಲೆಗೆ ಎನ್‌ಸಿಆರ್‌ಬಿ ಇಟ್ಟುಕೊಳ್ಳಿ. ಬರೀ ಎನ್‌ಸಿಆರ್‌ಬಿ ಕೋಷ್ಟಕ ಕೂಡಿಸಿ ಕಳೆದು ಬರೆದ ಪ್ರಬಂಧಕ್ಕಿಂತ ಇದು ಎಷ್ಟೋ ಮೇಲು.

ವಿಷಯ ಗುಳೆಯಾದರೆ ಒಂದು ತಾಂಡಾದ ಪೂರ್ತಿ ಮನೆಪಟ್ಟಿ, ಜೊತೆಗೆ ಎಂಟು ಹತ್ತು ಜನರ ಜೊತೆ ಮಾತುಕತೆ. ಸೆಮಿಸ್ಟರ್ ಚಳಿಗಾಲಕ್ಕೇ ಬಿದ್ದಿದ್ದರೆ ಬೀಗ ಹಾಕಿದ ಮನೆ ಎಣಿಸಿ, ಸರಕಾರಿ ಶಾಲೆಯ ಹಾಜರಿ ಪುಸ್ತಕ ನೋಡಿ. ನವೆಂಬರಿನಿಂದ ಮಾರ್ಚ್‌ವರೆಗೆ ಒಂದೇ ಸಮನೆ ಗೈರಾದ ಮಕ್ಕಳ ಸಂಖ್ಯೆ ಗುಳೆಯ ಅಂದಾಜು ಕೊಡುತ್ತದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ ಬೇಕು, ಮಕ್ಕಳ ಹೆಸರು ಬೇಡ.

ಹೆಣ್ಣುಮಕ್ಕಳ ಮೇಲಿನ ಹಿಂಸೆ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳ ಮೆಚ್ಚಿನ ವಿಷಯ. ಇದಕ್ಕೆ ಸಂತ್ರಸ್ತರನ್ನೇ ಹುಡುಕಿ ಹೋಗುವ ಬದಲು ಸಹಾಯ ಮಾಡುವವರನ್ನು ಕೇಳಿ. ಸಾಂತ್ವನ ಕೇಂದ್ರದ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು, ವಕೀಲರು. ಅವರಿಗೆ ನೂರಾರು ಪ್ರಕರಣ ಕಂಡ ಅನುಭವ ಇರುತ್ತದೆ, ಯಾರ ಗಾಯವನ್ನೂ ಮತ್ತೆ ಕೆದಕಬೇಕಿಲ್ಲ.

ಬಾಗಲಕೋಟೆಯವರಿಗೆ ಇನ್ನೊಂದು ಬಗೆಯ ವಲಸೆ ಮನೆ ಬಾಗಿಲಲ್ಲೇ ಇದೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದವರದ್ದು. ಇಲ್ಲಿ ಭೂಸ್ವಾಧೀನದ ದಾಖಲೆ ಸಿಗುವುದರಿಂದ ಆರ್‌ಟಿಐ ಮತ್ತು ಮಾತುಕತೆಯ ಜೋಡಿ ಚೆನ್ನಾಗಿ ಹೊಂದುತ್ತದೆ. ಹಿರಿಯರು ಇರುವಾಗಲೇ ಕೇಳಿಕೊಳ್ಳಬೇಕಾದ ಕೆಲಸ ಇದು.

ಪಿಎಚ್‌ಡಿ ಮಾಡುವವರಿಗೆ ಮೂರು ನಾಲ್ಕು ವರ್ಷ ಇರುತ್ತದೆ. ಅವರು ದೊಡ್ಡ ಸರ್ವೆಗೂ ಕೈಹಾಕಬಹುದು, ಒಂದು ಗ್ಯಾಂಗಿನ ಹಿಂದೆ ಪೂರ್ತಿ ಹಂಗಾಮು ಓಡಾಡಲೂಬಹುದು. ಮುಂದಿನ ಜನಗಣತಿ ಲೆಕ್ಕಕ್ಕೆ ಹಿಡಿಯುವ ದಿನ 2027ರ ಮಾರ್ಚ್ 1. ಎಣಿಕೆ ಮತ್ತೆ ಫೆಬ್ರವರಿಯಲ್ಲೇ, ಕಬ್ಬಿನ ಹಂಗಾಮಿನಲ್ಲೇ. ಅದೇ ಹಂಗಾಮಿನ ಮನೆಪಟ್ಟಿ ನಿಮ್ಮ ಹತ್ತಿರ ಇದ್ದರೆ, ಹಳ್ಳಿವಾರು ಜನಸಂಖ್ಯೆ ಹೊರಬಂದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಗಣತಿಯಿಂದ ಎಷ್ಟು ಜನ ಜಾರಿದ್ದಾರೆ ಎಂಬುದಕ್ಕೆ ನಮ್ಮ ಜಿಲ್ಲೆಯ ಒಂದು ಹಳ್ಳಿಯಿಂದಲಾದರೂ ಸಾಕ್ಷಿ ಸಿಗುತ್ತದೆ. ಪಟ್ಟಿ ಮಾಡುವಾಗ ಮನೆಯ ಪ್ರತಿಯೊಬ್ಬರ ವಯಸ್ಸು, ಹೊರಟ ತಿಂಗಳು, ಮರಳಿದ ತಿಂಗಳು, ಹೋದ ಊರು, ಈ ನಾಲ್ಕನ್ನು ಬಿಡದೆ ಬರೆದುಕೊಳ್ಳಿ.